ತಿಂಗಳಿಗೊಂದು ರಿಕಾರ್ಡು

ನಾವು ಕೊಂಡ ವಸ್ತು ಕೆಟ್ಟರೆ ಅಂಗಡಿಯವನನ್ನು ಬೈದು ಸುಮ್ಮನಾಗಬಹುದು. ಅದನ್ನೇ ಮಾವನವರಿಗೆ ಶಿಫಾರಸು ಮಾಡಿದ ಮೇಲೆ ಕೆಟ್ಟರೆ, ಬೈಯುವ ಹಕ್ಕು ನಮ್ಮ ಕೈತಪ್ಪಿ ಅವರ ಕೈಸೇರುತ್ತದೆ. ಈ ಸತ್ಯವನ್ನು ನನಗೆ ಕಲಿಸಿದ್ದು ಕೊಲ್ಹಾಪುರದ ಒಂದು ರಿಕಾರ್ಡು ಮಂಡಳಿ.

ಇಚಲಕರಂಜಿಯ ಮಗ್ಗದ ಕಾರಖಾನೆಯೊಂದರಲ್ಲಿ ನಾನು ಗುಮಾಸ್ತ. ದಿನವಿಡೀ ಮಗ್ಗಗಳ ಖಡಖಡ ಕೇಳಿದವನಿಗೆ ಸಂಜೆ ಒಂದು ಹಾಡು ಬೇಕೆನ್ನಿಸುವುದು ತಪ್ಪಲ್ಲವೆಂದು ಹೆಂಡತಿ ಗಂಗವ್ವನಿಗೆ ತಿಳಿಹೇಳಿ, ಚಾವಿ ತಿರುಗಿಸುವ ಹಳೆಯ ಗ್ರಾಮಫೋನು ತಂದೆ. ತಂದ ಮೇಲೆ ಹೊಳೆಯಿತು, ರಿಕಾರ್ಡುಗಳನ್ನು ಬೇರೆ ತರಬೇಕೆಂದು. ಆಗಲೇ ಕೊಲ್ಹಾಪುರದ ಅಂಗಡಿಕಾರರೊಬ್ಬರು ಮಂಡಳಿ ತೆರೆದಿದ್ದರು. ವರ್ಷದ ಚಂದಾ ಮೊದಲೇ ಕಟ್ಟಿದರೆ ಸಾಕು, ತಿಂಗಳಿಗೊಂದು ರಿಕಾರ್ಡನ್ನು ಅವರೇ ಆರಿಸಿ ಮನೆಗೆ ಕಳಿಸುತ್ತಾರೆ. ಆರಿಸುವ ಕಷ್ಟವೂ ನಮಗಿಲ್ಲ! ಮದುವೆಯೊಂದನ್ನು ಬಿಟ್ಟರೆ ಇಷ್ಟು ಅನುಕೂಲದ ಏರ್ಪಾಡನ್ನು ನಾನು ಕಂಡಿರಲಿಲ್ಲ.

ಮೊದಲ ನಾಲ್ಕು ತಿಂಗಳು ಸ್ವರ್ಗ. ಒಂದು ವಚನ, ಒಂದು ಅಭಂಗ, ಎರಡು ನಾಟಕದ ಪದ. ನಮ್ಮ ಅಂಗಳದಲ್ಲಿ ಜನವೋ ಜನ. ಮೇಲಿನ ಮನೆಯ ನೂಲಿನ ವ್ಯಾಪಾರಿ ಅಪ್ಪಾಸಾಹೇಬರು ತಮ್ಮ ಚಾಪೆ ತಾವೇ ತಂದು ಮುಂದೆ ಕೂಡುತ್ತಿದ್ದರು.

ಅದೇ ಹುಮ್ಮಸ್ಸಿನಲ್ಲಿ ಗಡಹಿಂಗ್ಲಜದ ನಮ್ಮ ಮಾವನವರ ಹೆಸರನ್ನೂ ಮಂಡಳಿಗೆ ಸೇರಿಸಿಬಿಟ್ಟೆ. ಅವರು ನಿವೃತ್ತ ಕನ್ನಡ ಶಾಲೆಯ ಮಾಸ್ತರರು. ಕಣ್ಣಿಗೆ ಪೊರೆ ಬಂದು ಓದು ನಿಂತುಹೋಗಿತ್ತು. ಮನೆಯಲ್ಲಿ ಗ್ರಾಮಫೋನೊಂದೇ ಸಂಗಾತಿ. ಮದುವೆಯಾದಾಗಿನಿಂದ ನನ್ನ ಬಗ್ಗೆ ಒಂದೂ ಒಳ್ಳೆಯ ಮಾತು ಆಡಿದವರಲ್ಲ. ಮೊದಲ ರಿಕಾರ್ಡು ತಲುಪಿದೊಡನೆ ಪಕ್ಕದ ಮನೆಯವರಿಂದ ಪತ್ರ ಬರೆಸಿದರು: ‘ಅಳಿಯಂದಿರು ಜೀವನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ.’ ನಾನು ಅದನ್ನು ಗಂಗವ್ವನಿಗೆ ಮೂರು ಸಲ ಓದಿ ಹೇಳಿದೆ. ನಾಲ್ಕನೆಯ ಸಲ ಅವಳೇ ಓದಿದಳು, ‘ಒಂದು’ ಎಂಬಲ್ಲಿ ತುಸು ಒತ್ತಿ.

ಆಮೇಲೆ ಇಳಿಜಾರು. ‘ಹಾರ್ಮೋನಿಯಂ ಕಲಿಯಿರಿ, ಪಾಠ ಮೂರು’ ಬಂತು. ಮೊದಲೆರಡು ಪಾಠ ಯಾರು ಕಲಿತರೋ ದೇವರಿಗೇ ಗೊತ್ತು. ಮರುತಿಂಗಳು ಒಂದು ನಾಟಕದ ನಡುವಿನ ಭಾಗ. ರಾಜ ರಾಣಿಯ ಮೇಲೆ ಕತ್ತಿ ಎತ್ತುತ್ತಾನೆ, ಅಷ್ಟಕ್ಕೆ ರಿಕಾರ್ಡು ಮುಗಿಯುತ್ತದೆ. ಅಪ್ಪಾಸಾಹೇಬರು ದಿನಾ ಬೆಳಿಗ್ಗೆ ಮೆಟ್ಟಿಲ ಮೇಲಿಂದಲೇ ಕೇಳತೊಡಗಿದರು: “ಏನ್ರಿ, ರಾಣಿ ಸತ್ತಳೋ, ಉಳದಾಳೋ?”

“ಬರೂ ತಿಂಗಳ ಗೊತ್ತಾಗ್ತೈತ್ರಿ,” ಎನ್ನುತ್ತಿದ್ದೆ ನಾನು.

ಬರುವ ತಿಂಗಳು ಬಂದದ್ದು ಹಲ್ಲುಪುಡಿಯ ಗುಣಗಾನ. ಅಪ್ಪಾಸಾಹೇಬರು ಚಾಪೆ ಸುತ್ತಿಕೊಂಡು ಎದ್ದುಹೋದರು. ಮಾವನವರಿಂದ ಪತ್ರ ಬಂತು: ‘ಕಿವಿಗೂ ಪೊರೆ ಬಂದಿದ್ದರೆ ಚೆನ್ನಾಗಿತ್ತು. ರಜೆ ಹಾಕಿ ಕೊಲ್ಹಾಪುರಕ್ಕೆ ಬನ್ನಿರಿ. ನಾನೂ ಬರುತ್ತೇನೆ.’

ಅಂಗಡಿಕಾರರು ನಮ್ಮ ಕಡೆಯವರೇ, ಮನೆಮಾತು ಕನ್ನಡ. ನಾವಿಬ್ಬರೂ ಹೋಗಿ ಕೂತೊಡನೆ ಚಹಾ ತರಿಸಿದರು. ಮಾವನವರು ಕಪ್ಪನ್ನು ಮುಟ್ಟಲಿಲ್ಲ.

“ನಮ್ಮನ್ನ ಏನಂತ ತಿಳದೀರಿ? ಕಣ್ಣ ಕಾಣದಾಂವಗ ಹಲ್ಲಪುಡಿ ಹಾಡ ಕಳಸ್ತೀರಿ?”

ಅಂಗಡಿಕಾರರು ಕಪ್ಪನ್ನು ಮಾವನವರ ಕೈಯ ಹತ್ತಿರ ಸರಿಸಿ ಹೇಳಿದರು: “ಖರೇ ಹೇಳ್ತೇನ್ರಿ ಗುರೂಜಿ. ಛಲೋ ರಿಕಾರ್ಡ ಇಲ್ಲಿಗೆ ಬಂದಾವ್ರು ಕೇಳಿ ನೋಡಿ ಒಯ್ತಾರ. ಯಾರೂ ಒಯ್ಯದ್ದು ಉಳೀತಾವಲ್ಲ, ಅವನ್ನ ಮೆಂಬರ್‍ಗೆ ಕಳಸ್ತೇನಿ. ಮೊದಲ ಹಿಂಗ ಇರಲಿಲ್ರಿ. ಮಂದಿ ಕೂಡ್ಲಿ ಅಂತ ಛಲೋವ ಕಳಸಿದ್ನಿ. ಮಂದಿ ಕೂಡಿದ್ರು.”

ಮಾವನವರು ಆಗ ಚಹಾ ಕುಡಿದರು. “ಖರೇ ಆಡಿದ್ರಿ, ಭಾಳ ಛಲೋ ಆತು. ಪಟ್ಟಿಯೊಳಗಿಂದ ನನ್ನ ಹೆಸರ ಹೊಡೀರಿ,” ಎಂದರು. ಉಳಿದ ತಿಂಗಳುಗಳ ಚಂದಾದ ಬದಲಿಗೆ ಅಲ್ಲೇ ಕೂತು ಕೇಳಿ, ತಮಗೆ ಬೇಕಾದ ವಚನದ ರಿಕಾರ್ಡೊಂದನ್ನು ಬಗಲಲ್ಲಿಟ್ಟುಕೊಂಡು, ಗೋಡೆ ಹಿಡಿದು ಹೊರಗೆ ನಡೆದರು.

ಅಂಗಡಿಕಾರರು ನನ್ನತ್ತ ತಿರುಗಿದರು. “ನಿಮ್ಮದೂ ಹೊಡೀಲೇನ್ರಿ? ಆ ನಾಟಕದ ಮುಂದಿನ ಭಾಗ ಬರೂದೈತಿ ಅಂತ ಹೇಳ್ಯಾರ. ಖಾತ್ರಿ ಇಲ್ಲ.”

ಹೊಡೆಯಿರಿ ಎನ್ನಲು ಬಾಯಿ ತೆರೆದೆ. ಬಂದ ಮಾತು, “ಇರ್ಲಿ ಬಿಡ್ರಿ.”

ಬಸ್‌ಸ್ಟ್ಯಾಂಡಿನಲ್ಲಿ ಮಾವನವರು ಕೇಳಿದರು: “ಹೆಸರ ಹೊಡಸಿದ್ರಿಲ್ಲೋ ಅಳಿಯಾರ?”

“ಹೌದ್ರಿ ಮಾವಾರ.”

“ಶಾಣ್ಯಾರಾದ್ರಿ,” ಎಂದು ಅವರು ತಡವಿ ನನ್ನ ಹೆಗಲು ಹುಡುಕಿ ತಟ್ಟಿದರು. ಅವರಿಂದ ಎರಡನೆಯ ಹೊಗಳಿಕೆ ಸಿಕ್ಕಿತು, ಸುಳ್ಳಿಗೆ.

ನಾಟಕ ಬರಲಿಲ್ಲ. ಪಾರ್ಸೆಲ್ಲು ಮಾತ್ರ ತಪ್ಪದೆ ಬರುತ್ತದೆ. ಗಂಗವ್ವನಿಗೆ ಎಲ್ಲ ಗೊತ್ತು. “ನಮ್ಮಪ್ಪಗ ಹೇಳಾಂಗಿಲ್ಲ ಬಿಡ್ರಿ,” ಎಂದಿದ್ದಾಳೆ. ಅಂದಿನಿಂದ ಮನೆಯ ಯಾವ ವಾದದಲ್ಲೂ ನಾನು ಗೆದ್ದಿಲ್ಲ. ವರ್ಷ ಮುಗಿದಾಗ ಮತ್ತೆ ಚಂದಾ ಕಟ್ಟಿದೆ.

ಈ ತಿಂಗಳು ಬಂದದ್ದು ಕೋಳಿ ಸಾಕಣೆಯ ಬಗ್ಗೆ ಮರಾಠಿ ಭಾಷಣ. ನಾವು ಕೋಳಿ ತಿನ್ನುವವರಲ್ಲ, ಸಾಕುವವರಲ್ಲ. ಆದರೂ ಎರಡು ಸಲ ಹಚ್ಚಿ ಕೇಳಿದೆ. ರಿಕಾರ್ಡಿನ ಹಿಂಬದಿ ಅಷ್ಟೇನೂ ಕೆಟ್ಟದಾಗಿಲ್ಲ.