ನೂರ ಹದಿನಾರರ ಚಡ್ಡಿ

ಹೊಲಿಗೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವಂತಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರ್‌ಗಳ ಕಣ್ಣೆದುರು ಹೆಮ್ಮಿಂಗ್ ಮಾಡಿ ಮಾಡಿ ನನ್ನ ಹೆಮ್ಮೆಯೂ ಗಟ್ಟಿ ಹೊಲಿಗೆಯದ್ದೇ ಆಗಿತ್ತು. ಹಾಗಾಗಿ ತೊಂಬತ್ತನಾಲ್ಕರಲ್ಲಿ, ಸೌದಿಯ ಜಿದ್ದಾದಲ್ಲಿ ಕಂಪನಿಯ ಮನೆಗಳಿದ್ದ ನಮ್ಮ ಕಂಪೌಂಡಿನಲ್ಲಿ ಉಲ್ರಿಕೆ ಮೇಡಂ ಒಂದು ಹಾಳೆ ಕೊಟ್ಟು, "ಇದನ್ನು ನೀವೇ ಹೊಲಿಸಬಲ್ಲಿರಾ?" ಎಂದು ಕೇಳಿದಾಗ ನಾನು ನಕ್ಕುಬಿಟ್ಟೆ.

"ನೀವು ಆರಾಮವಾಗಿ ಕೂತಿರಿ. ಸ್ಟೇಜಿನ ಮೇಲೆ ನೋಡಿದರೆ ಸಾಕು."

ಉಲ್ರಿಕೆ ಎಂದರೆ ನನ್ನ ಯಜಮಾನರು ಮಹಾಲಿಂಗ ಕೆಲಸ ಮಾಡುವ ಜರ್ಮನ್ ಕಂಪನಿಯ ಮ್ಯಾನೇಜರರ ಹೆಂಡತಿ. ಅವರಲ್ಲಿ ಶ್ರೀಮತಿಗೆ ಫ್ರೌ ಅನ್ನುತ್ತಾರೆ. ಈ ಫ್ರೌಗೆ ಫ್ರಾಕಿನ ಹುಚ್ಚು. ನೂರು ವರ್ಷಗಳಲ್ಲಿ ಜರ್ಮನ್ ಮಕ್ಕಳು ಏನೇನು ತೊಟ್ಟರು ಎಂಬುದನ್ನು ಫ್ಯಾಮಿಲಿ ಡೇ ದಿನ ಮಕ್ಕಳಿಗೇ ತೊಡಿಸಿ ತೋರಿಸಬೇಕೆಂದು ಅವರ ಆಸೆ. ಕಂಪೌಂಡಿನಲ್ಲಿ ಜರ್ಮನ್ ಮಕ್ಕಳು ಇದ್ದದ್ದು ಎರಡೇ. ಉಳಿದ ಜರ್ಮನಿಯನ್ನು ಕರ್ನಾಟಕ, ಕೇರಳಗಳು ತುಂಬಿಕೊಡಬೇಕಿತ್ತು.

ಅವರು ಹೇಳಿದ ಚರಿತ್ರೆ ಕೇಳಿ ಬೆರಗಾದೆ. ಮೊದಲಿಗೆ ಗಂಡುಮಕ್ಕಳಿಗೂ ಐದಾರು ವರ್ಷದ ತನಕ ಫ್ರಾಕು. ಆಮೇಲೆ ಸಮುದ್ರವನ್ನೇ ಕಾಣದ ಮಕ್ಕಳಿಗೂ ನಾವಿಕರ ಕಾಲರು. ಮುಂದೆ ಗಂಡುಹೆಣ್ಣೆನ್ನದೆ ಚುಚ್ಚುವ ಉಣ್ಣೆಯ ಉದ್ದ ಕಾಲುಚೀಲ, ಹುಡುಗರಿಗೆ ತೊಗಲಿನ ಚಡ್ಡಿ. ಈಗ ಎಲ್ಲರ ಹಾಗೆ ಜೀನ್ಸು. ಒಟ್ಟಿನಲ್ಲಿ ಜರ್ಮನ್ ಮಕ್ಕಳ ಮೊಣಕಾಲು ಮೆಲ್ಲಗೆ ಹೊರಗೆ ಬಂದು, ಲೋಕ ನೋಡಿ, ಬೇಜಾರಾಗಿ ಮತ್ತೆ ಒಳಗೆ ಹೋಗಿತ್ತು.

"ಗಂಡುಮಕ್ಕಳಿಗೆ ಫ್ರಾಕಾ?" ಎಂದರು ಇವರು.

"ನಿಮಗೂ ಲಂಗ ಹಾಕಿ, ಮೊಗ್ಗಿನ ಜಡೆ ಹೆಣೆದು ಅತ್ತೆ ಫೋಟೋ ತೆಗೆಸಿಲ್ವಾ?"

"ಆ ಸುದ್ದಿ ಆಫೀಸಿನವರಿಗೆ ಹೇಳಬೇಡ ಮಾರಾಯ್ತಿ."

ನಮ್ಮ ಏಳು ವರ್ಷದ ಕಿಶನ್‌ನ ಪಾಲಿಗೆ ಬಂದದ್ದು ತೊಗಲಿನ ಚಡ್ಡಿ. ಶಾಲೆಯ ನಾಟಕದಲ್ಲಿ ಮೂರು ವರ್ಷ ಸತತವಾಗಿ ಮರವಾಗಿ ನಿಂತ ಹುಡುಗ ಅವನು. ಈ ಸಲ ನಡೆಯುವ ಪಾತ್ರ. ಇನ್ನೂ ಬಾರದ ಚಡ್ಡಿಯ ಹೆಗಲಪಟ್ಟಿಗಳಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಎರಡು ವಾರ ಹಾಲಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಾಲಿಗೆ ನಡೆದ. "ಮಮ್ಮಿ, ದಿಸ್ ಟೈಮ್ ಐ ಆಮ್ ನಾಟ್ ಅ ಟ್ರೀ" ಎಂದು ಅನ್ನ ಉಣ್ಣುವಾಗಲೂ ಹೇಳಿದ.

ಹಾಳೆಯಲ್ಲಿ ಚಡ್ಡಿಯ ಚಿತ್ರ, ಲೇಡರ್‌ಹೋಸೆ ಎಂಬ ಹೆಸರು, ಕೆಳಗೆ ಒಂದೇ ಅಂಕಿ: 116.

"ಇದೆಂತ ನೂರ ಹದಿನಾರು?" ಇವರು ಕೇಳಿದರು.

"ಸೊಂಟ. ಸೆಂಟಿಮೀಟರಲ್ಲಿ."

"ಮಗುವಿಗಾ, ನೀರಿನ ಟ್ಯಾಂಕಿಗಾ?"

"ನಿಮಗೆ ಕಾಂಕ್ರೀಟು ಮಾತ್ರ ಗೊತ್ತು. ಈ ಚಡ್ಡಿ ಅಲ್ಲಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಹೋಗ್ತದಂತೆ. ಸಡಿಲ ಇರಲೇಬೇಕು. ಇಲ್ಲದಿದ್ದರೆ ಹೆಗಲಿಗೆ ಪಟ್ಟಿ ಯಾಕೆ?"

ಇಷ್ಟು ಭದ್ರವಾದ ತರ್ಕವನ್ನು ಕೆಡವಲು ಸಿವಿಲ್ ಇಂಜಿನಿಯರಿಂದಲೂ ಆಗಲಿಲ್ಲ. "ಒಮ್ಮೆ ಹುಡುಗನ ಅಳತೆ..." ಎಂದು ಬಾಯಿ ತೆರೆದವರನ್ನು ಕಣ್ಣಲ್ಲೇ ಕೂರಿಸಿದೆ.

ಶರಫಿಯಾ ಪೇಟೆಯಲ್ಲಿ, ಹೆಂಗಸರನ್ನೆಲ್ಲ ಬಾಜಿ, ಅಂದರೆ ಅಕ್ಕ, ಎಂದು ಕರೆಯುವ ಟೇಲರ್ ಗುಲಾಮ್ ಮುಹಮ್ಮದ್‌ಗೆ ಹಾಳೆ ತೋರಿಸಿ "ಲೇಡರ್‌ಹೋಸೆ" ಎಂದೆ.

"ಲೆದರ್ ಹುಸೇನಾ? ಅವನ ಅಂಗಡಿ ಆಚೆ ಗಲ್ಲಿ, ಬಾಜಿ. ಚಪ್ಪಲಿ ರಿಪೇರಿ."

ಬಿಡಿಸಿ ಹೇಳಿದೆ. ತೊಗಲು ಬೇಡ, ಸೋಫಾಕ್ಕೆ ಹಾಕುವ ಕಂದು ರೆಕ್ಸಿನ್ ಸಾಕು ಎಂದೆ. ಅವರು ಟೇಪು ಎಳೆದು ನೋಡಿದರು.

"ಹತ್ತಿರ ಹತ್ತಿರ ನಲವತ್ತಾರು ಇಂಚು. ಉದ್ದ?"

"ಸೊಂಟಕ್ಕೆ ತಕ್ಕ ಹಾಗೆ ಇಡಿ."

"ಹುಡುಗನಿಗೆ ವಯಸ್ಸೆಷ್ಟು?"

"ಏಳು."

ಗುಲಾಮ್ ಮುಹಮ್ಮದ್ ಟೇಪನ್ನು ಮೆಲ್ಲಗೆ ಕೊರಳಿಗೆ ಹಾಕಿಕೊಂಡು "ಮಾಶಾ ಅಲ್ಲಾಹ್" ಎಂದರು.

ನಾಳೆ, ನಾಳೆ ಎಂದ ಚಡ್ಡಿ ಕೈಗೆ ಬಂದದ್ದು ಕಾರ್ಯಕ್ರಮದ ಶುಕ್ರವಾರವೇ. ಶರಫಿಯಾದ ನೂಕುನುಗ್ಗಲಿನಿಂದ ನೇರ ಕಂಪೌಂಡಿನ ಹಾಲಿಗೆ ಬಂದು, ಪರದೆಯ ಹಿಂದೆ ಪೊಟ್ಟಣ ಬಿಚ್ಚಿದೆ. ಬಿಚ್ಚಿದೆ, ಬಿಚ್ಚಿದೆ, ಬಿಚ್ಚುತ್ತಲೇ ಇದ್ದೆ.

ಕಿಶನ್ ಅದರ ಒಂದೇ ಕಾಲಿನೊಳಗೆ ಪೂರ್ತಿ ಇಳಿದು ನಿಂತ. "ಮಮ್ಮಿ, ಇನ್ನೊಂದು ಕಾಲಲ್ಲಿ ಯಾರು ಬರ್ತಾರೆ?"

ಪಟ್ಟಿ ಬಿಗಿದೆ. ಚಡ್ಡಿ ಜರ್ರನೆ ಇಳಿಯಿತು. ಜರ್ಮನ್ ಎಂಬ ಪದದ ಮೂಲ ನನಗಾಗ ಹೊಳೆಯಿತು. ಅಳತೆ ತಪ್ಪಿದ್ದು ನನಗೆ, ಅಳು ಬಂದದ್ದು ಅವನಿಗೆ. "ಐ ವಿಲ್ ಬಿ ಟ್ರೀ ಓನ್ಲಿ" ಎಂದು ಸದ್ದಿಲ್ಲದೆ ಕಣ್ಣೊರೆಸಿಕೊಂಡ. ಇಡೀ ಪ್ರಸಂಗದಲ್ಲಿ ಇವತ್ತಿಗೂ ನನಗೆ ನಗು ಬಾರದ ಜಾಗ ಅದೊಂದೇ.

ಉಲ್ರಿಕೆ ಓಡಿ ಬಂದರು. "ಇದೇನು?"

"ನೀವೇ ಬರೆದಿದ್ದೀರಲ್ಲ, ಸೊಂಟ ನೂರ ಹದಿನಾರು."

"ಅದು ಸೊಂಟವಲ್ಲ, ಎತ್ತರ. ನಮ್ಮಲ್ಲಿ ಮಗು ಎಷ್ಟು ಸೆಂಟಿಮೀಟರ್ ಎತ್ತರವೋ ಅದೇ ಬಟ್ಟೆಯ ನಂಬರು."

ಮಾಪನ ಹೋಗಿ ಮಾನವೂ ಹೋಯಿತು. ಅಷ್ಟರಲ್ಲಿ ಪರದೆಯ ಹಿಂದೆ ಬಂದ ಇವರು ನನ್ನ ಮುಖ ನೋಡಿ, ಚಡ್ಡಿಯ ಸೊಂಟವನ್ನು ಗೇಣಿನಲ್ಲಿ ಅಳೆಯತೊಡಗಿದರು.

ಉಲ್ರಿಕೆ ಚಡ್ಡಿಯನ್ನು ಎತ್ತಿ ಹಿಡಿದರು. ಪರದೆಯ ಸಂದಿಯಿಂದ ಮುಂದಿನ ಸಾಲು ನೋಡಿದರು. ಅಲ್ಲಿ ಎರಡು ಕುರ್ಚಿಗೆ ಸಾಲುವಷ್ಟು ಮ್ಯಾನೇಜರ್ ಸಾಹೇಬರು ಒಂದೇ ಕುರ್ಚಿಯಲ್ಲಿ ಕೂತಿದ್ದರು.

"ವೆರ್ನರ್, ಸ್ವಲ್ಪ ಒಳಗೆ ಬಾ."

ಐದು ನಿಮಿಷದಲ್ಲಿ ಸಾಹೇಬರು ಚಡ್ಡಿಯೊಳಗಿದ್ದರು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಕಿಶನ್ ಅಳು ಮರೆತು ಅವರ ಹೊಟ್ಟೆಯನ್ನು ನೋಡಿದ. "ಅಂಕಲ್, ಥಂಬ್ಸ್ ಇನ್‌ಸೈಡ್" ಎಂದು ನಡಿಗೆ ಕಲಿಸಿದ. ಮುಂದೆ ಶಾಲೆಯ ಚಡ್ಡಿಯಲ್ಲಿ ಅವನು, ಹಿಂದೆ ಹೆಜ್ಜೆ ತಪ್ಪದೆ ಸಾಹೇಬರು. "ಇದು ಅಜ್ಜನ ಚಡ್ಡಿ, ಮೊಮ್ಮಗ ತನ್ನ ಸರದಿಗೆ ಕಾಯುತ್ತಿದ್ದಾನೆ" ಎಂದು ಉಲ್ರಿಕೆ ಮೈಕಿನಲ್ಲಿ ಹೇಳಿದರು. ಆ ದಿನದ ದೊಡ್ಡ ಚಪ್ಪಾಳೆ ಅವರಿಬ್ಬರಿಗೇ.

ಹಾಲ್‌ನಲ್ಲಿ ಇವರ ಪಕ್ಕ ಬಂದು ಕೂತ ನನ್ನ ಬೆನ್ನು ಮತ್ತೆ ನೆಟ್ಟಗಾಗುತ್ತಿತ್ತು. ಅಷ್ಟರಲ್ಲಿ ಸಾಹೇಬರು ಮೈಕು ಹಿಡಿದರು. "ಆರು ವರ್ಷದಿಂದ ಈ ದೇಶದಲ್ಲಿ ನನಗೆ ಸರಿಯಾಗುವ ಚಡ್ಡಿ ಸಿಕ್ಕಿರಲಿಲ್ಲ. ನನ್ನ ಅಳತೆ ತೆಗೆದದ್ದು ಯಾರು?"

"ನನ್ನ ಹೆಂಡತಿ, ಸಾರ್!" ಎಂದುಬಿಟ್ಟರು ಇವರು, ಅಭಿಮಾನದಿಂದ ಎದ್ದು ನಿಂತು.

ಹಾಲ್‌ನಲ್ಲಿದ್ದ ತಲೆಗಳೆಲ್ಲ ನನ್ನತ್ತ ತಿರುಗಿದವು. ಬೇರೆಯವರ ಗಂಡನ ಸೊಂಟದ ಅಳತೆ, ಅದೂ ಜಿದ್ದಾದಲ್ಲಿ! ಮರ್ಯಾದೆ ಉಳಿಯಬೇಕಾದರೆ ಹೆಮ್ಮೆ ಹೋಗಲೇಬೇಕಿತ್ತು. ಎದ್ದು ನಿಂತೆ.

"ನಿಮ್ಮದಲ್ಲ, ಸಾರ್. ನನ್ನ ಏಳು ವರ್ಷದ ಮಗನದ್ದು ಅಂತ ಹೊಲಿಸಿದ್ದು."

ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ಉಲ್ರಿಕೆ ನನ್ನ ಪಕ್ಕದಲ್ಲಿ ಬಂದು ಕೂತು, ಕಿವಿಯಲ್ಲಿ ಹೇಳಿದರು.

"ಮಕ್ಕಳಿಗೆ ಇದರ ಮುಂದಿನ ಸೈಜು ನೂರ ಇಪ್ಪತ್ತೆರಡು. ಬರುವ ವರ್ಷಕ್ಕೆ ನಿಮ್ಮ ಹುಡುಗ ಅಷ್ಟು ಆಗ್ತಾನೆ. ಇಲ್ಲಿಯ ಬಿರಿಯಾನಿಯಲ್ಲಿ ವೆರ್ನರ್ ಕೂಡ ಆಗ್ತಾನೆ. ಹಾಳೆ ಒಂದೇ ಸಾಕು. ಮೇಲಿಂದ ಕೆಳಗೆ ಅಳೆದರೆ ನಿಮ್ಮ ಮಗ, ಸುತ್ತ ಅಳೆದರೆ ನನ್ನ ಗಂಡ."