ಅಕ್ಕನ ಕಡಲೆಕಾಯಿ ಗಿಡಕ್ಕೆ ನಾನು ಮಾಡಿದ ಉಪಚಾರ

ನನ್ನ ಕೈಗೆ ಸಿಕ್ಕ ಫೋಟೋ ಇದ್ದ ಹಾಗೆಯೇ ಹೊರಗೆ ಹೋದದ್ದಿಲ್ಲ. ಇದನ್ನು ಜಂಬ ಎಂದರೆ ಜಂಬ ಎನ್ನಿ, ನನಗೇನೂ ಬೇಸರವಿಲ್ಲ. ಕೊರಟಗೆರೆಯಲ್ಲಿ ಮೇಷ್ಟ್ರಾಗಿರುವ ನಾನು ಬೇಸಿಗೆ ರಜೆಯಲ್ಲಿ ಬಿಟ್ಟಿ ಸಿಗುವ ಎಡಿಟಿಂಗ್ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡೆ. ಮೊದಲ ದಿನ ಬೆಳಕು ಹೆಚ್ಚಿಸುವುದು ಕಲಿತೆ, ಮರುದಿನ ವಾಲಿದ್ದನ್ನು ನೆಟ್ಟಗೆ ಮಾಡುವುದು. ಮೂರನೆಯ ದಿನ, ಬೆರಳಲ್ಲಿ ಉಜ್ಜಿದರೆ ಕಲೆ ಮಾಯವಾಗುವ ವಿದ್ಯೆಯೂ ಕೈವಶವಾಯಿತು. ಆಮೇಲೆ ಕೇಳಬೇಕೆ! ಹೆಡ್‌ಮಾಸ್ಟರ ಕೆನ್ನೆಯ ನರುಳ್ಳೆ, ನಮ್ಮತ್ತೆಯ ಸೀರೆಗೆ ಬಿದ್ದ ಸಾರು, ಗೋಡೆಯ ಮೇಲಿನ ಹಲ್ಲಿ, ಎಲ್ಲವೂ ಹೋದವು. ಹೆಂಡತಿ ಮಾತ್ರ, "ಅಡುಗೆಮನೆ ಗೋಡೆ ಉಜ್ಜಿ ಅಂದ್ರೆ ಕೈನೋವು. ಇದಕ್ಕಾದ್ರೆ ಬೆರಳು ಹೆಂಗೆ ಓಡುತ್ತೆ ನೋಡು!" ಎಂದಳು. ನಾನು ಮುಂದಿನ ಫೋಟೋ ತೆರೆದೆ.

ಮಳೆಗಾಲದಲ್ಲೊಂದು ದಿನ ದೊಡ್ಡೇರಿ ಕಡೆ ಬೇಸಾಯ ಮಾಡಿಸುವ ನನ್ನ ಅಕ್ಕನ ಫೋನು ಬಂತು. "ಲೇ, ಕಳ್ಳೆಕಾಯಿ ಎಲೆ ಮ್ಯಾಲೆ ಏನೋ ಕರೀ ಚುಕ್ಕೆ ಬಿದ್ದವೆ ಕಣ್ಲಾ. ಫೋಟೋ ಕಳ್ಸೀನಿ. ಕೃಷಿ ಸಾಹೇಬ್ರಿಗೆ ತೋರ್ಸಿ, ಏನ್ ಔಷ್ದಿ ಹೊಡೀಬೇಕು ಕೇಳು." ಅವಳ ದನಿಯಲ್ಲಿ ಗಾಬರಿಯಿತ್ತು; ಅವಳಿಗಿದ್ದದ್ದು ಅದೊಂದೇ ಬೆಳೆ. ಫೋಟೋ ತೆರೆದೆ. ಅಯ್ಯೋ, ಅದೂ ಒಂದು ಫೋಟೋವೇ! ಮಬ್ಬು ಬೆಳಕು, ವಾಲಿದ ಬದು, ಎಲೆ ತುಂಬ ಕೊಳೆ. ಇಂಥದ್ದನ್ನು ಅಧಿಕಾರಿಗೆ ಕಳಿಸಿದರೆ ನಮ್ಮ ಮನೆತನದ ಮಾನ ಏನಾಗಬೇಕು? ಬೆರಳು ತಾನಾಗಿಯೇ ಓಡಿತು. ಬದು ನೆಟ್ಟಗಾಯಿತು, ಎಲೆಗೆ ಒಳ್ಳೆಯ ಹಸಿರು ಬಂತು, ಚುಕ್ಕೆ ಒಂದೂ ಉಳಿಯಲಿಲ್ಲ. ಅದನ್ನೇ ಸಾಹೇಬರ ಮೊಬೈಲಿಗೆ ಕಳಿಸಿಬಿಟ್ಟೆ. ಫೋಟೋ ಯಾತಕ್ಕೆ ಎಂಬುದೇ ತಲೆಯಿಂದ ಜಾರಿಹೋಗಿತ್ತು, ದೇವರಾಣೆ. "ಬೆಳೆ ಅತ್ಯುತ್ತಮ, ಔಷಧಿ ಬೇಡ" ಎಂದು ಸಾಹೇಬರು ಉತ್ತರಿಸಿದರು. ಅದನ್ನು ಹೆಮ್ಮೆಯಿಂದ ಅಕ್ಕನಿಗೆ ಓದಿ ಹೇಳಿದೆ. ಸಾಹೇಬರ ಮಾತೆಂದು ಪಾಪ ಅವಳೂ ನಂಬಿದಳು.

ವಾರ ಕಳೆಯುವುದರೊಳಗೆ ಸಾಹೇಬರು ಇಬ್ಬರು ರೈತರನ್ನು ಕರೆದುಕೊಂಡು ಈ ಮಾದರಿ ಬೆಳೆ ತೋರಿಸಲು ಅಕ್ಕನ ಹೊಲಕ್ಕೇ ಬಂದರು. ಭಾನುವಾರವಾದ್ದರಿಂದ ಫೋಟೋ ಕಳಿಸಿದವನೆಂಬ ಠೀವಿಯಲ್ಲಿ ನಾನೂ ಹೋಗಿದ್ದೆ. ಸಾಹೇಬರು ಮೊಬೈಲು ನೋಡಿದರು, ಗಿಡ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಏನ್ ಮೇಷ್ಟ್ರೇ, ರೋಗದ ಫೋಟೋದಲ್ಲಿ ರೋಗಾನೇ ಅಳಿಸ್ಬುಟ್ರಾ?" ಅಕ್ಕ ಒಂದು ಗಿಡ ಕಿತ್ತು ನನ್ನ ಮೂಗಿಗೆ ಹಿಡಿದಳು: "ತಗಾ, ಇದುನ್ನೂ ಉಜ್ಜು!" ನಾಚಿಕೆಯಿಂದ ಹಿಡಿಯಷ್ಟಾದೆ. ಪುಣ್ಯಕ್ಕೆ ಕಾಲ ಮಿಂಚಿರಲಿಲ್ಲ. ಅವರು ಅಲ್ಲೇ ಔಷಧಿ ಬರೆದುಕೊಟ್ಟರು, ನಾನೇ ಮಧುಗಿರಿಗೆ ಓಡಿ ತಂದೆ, ಬೆಳೆ ಉಳಿಯಿತು. "ನನ್ನ ಫೋಟೋ ಚೆನ್ನಾಗಿದ್ದಕ್ಕೇ ತಾನೇ ಅಕ್ಕಾ, ಸಾಹೇಬ್ರು ಹೊಲಕ್ಕೆ ಬಂದಿದ್ದು?" ಎಂದೆ. ಅಕ್ಕ ಕೈಗೆ ಸಿಕ್ಕ ಮಣ್ಣಿನ ಹೆಂಟೆ ಎತ್ತಿಕೊಂಡಳು.

ಕಾಯಿ ಕಿತ್ತ ದಿನ ಅವಳು ರಾಶಿಯ ಪಕ್ಕ ಫೋಟೋಕ್ಕೆ ನಿಂತಳು. ಬೆವರು, ಮಣ್ಣು, ಕೆದರಿದ ಕೂದಲು. ಆದರೂ ಆ ಮುಖದ ಗೆಲುವು ಕಂಡು ನನ್ನ ಎದೆ ಉಬ್ಬಿತು. "ತೆಗ್ದಂಗೇ ಕಳ್ಸು. ಬೆರಳಾಡ್ಸಿದ್ರೆ ಕೈ ಮುರೀತೀನಿ" ಎಂದು, ನಾನು ಕಳಿಸುವವರೆಗೂ ತಲೆಯ ಮೇಲೇ ನಿಂತಿದ್ದಳು. ತೆಗೆದ ಹಾಗೇ ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ನನ್ನ ಯಾವ ಫೋಟೋಕ್ಕೂ ಬಾರದಷ್ಟು ಹೊಗಳಿಕೆ ಬಂತು. "ಎಂಥಾ ಎಡಿಟಿಂಗ್ ಮೇಷ್ಟ್ರೇ! ಬೆವರಿನ ಹನಿ ಕೂಡ ನಿಜದ ಹಾಗೇ ಕಾಣುತ್ತೆ" ಎಂದು ಸಹೋದ್ಯೋಗಿಯೊಬ್ಬರು ಬರೆದರು.

ನಾನು "ಬಹಳ ಶ್ರಮ ಹಿಡೀತು ಸಾರ್" ಎಂದು ಉತ್ತರ ಬರೆದೆ.