ನೇರಳೆ ಸಮುದ್ರಕ್ಕೆ ನಾನು ಮಾಡಿದ ಚಿಕಿತ್ಸೆ

ಮನೆಯಲ್ಲಿ ಏನೇ ಕೆಟ್ಟರೂ ಕೆಡಿಸಿದವನು ನಾನೇ ಎಂಬುದು ನಮ್ಮ ಸಂಸಾರದ ಸಂವಿಧಾನ. ಆದರೆ ಸರಿಮಾಡಿದ್ದಕ್ಕೂ ಅಪರಾಧಿಯಾದ ಪ್ರಸಂಗ ಇದೊಂದೇ.

ನನ್ನ ಹೆಂಡತಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ರಜೆಯಲ್ಲಿ ಸಮುದ್ರಕ್ಕೆ ಹೋಗೋಣವೆಂದು ಮಾಡಿಕೊಂಡಿದ್ದ ಏರ್ಪಾಡೆಲ್ಲ ಆ ಮೆಟ್ಟಿಲ ಮೇಲೆಯೇ ಮುಗಿಯಿತು. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿಯನ್ನೇ ನೋಡುತ್ತಿದ್ದವಳಿಗೆ ಅವಳ ತಮ್ಮ ತನ್ನ ಗೇಮಿನ ಯಂತ್ರ ತಂದುಕೊಟ್ಟ. ಕೈಯಲ್ಲಿ ಹಿಡಿದು ಆಡುವಂಥದ್ದು. ಅದರಲ್ಲೊಂದು ಆಟ. ಗುದ್ದಾಟವಿಲ್ಲ, ಸೋಲು ಗೆಲುವಿಲ್ಲ. ಒಂದು ದೋಣಿ, ಸುತ್ತ ಸಮುದ್ರ, ಹುಟ್ಟು ಹಾಕುತ್ತ ಹೋಗುವುದು, ಅಷ್ಟೇ. ಹಾಗೆ ಹೋದವಳಿಗೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಅಂಗೈಯಗಲದ ಪರದೆಗೆ ಅವಳು ಕಣ್ಣು ಕಿರಿದು ಮಾಡುವುದನ್ನು ನೋಡಿ ನನಗೊಂದು ದಿವ್ಯಾಲೋಚನೆ ಹೊಳೆಯಿತು. ನನ್ನ ಮೇಜಿನ ದೊಡ್ಡ ಮಾನಿಟರನ್ನು ಮಂಚದೆದುರು ತಂದಿಟ್ಟೆ. ಅಟ್ಟದಲ್ಲಿದ್ದ ಹಳೆಯ ಕೇಬಲ್ಲೊಂದರಿಂದ ಯಂತ್ರಕ್ಕೆ ಜೋಡಿಸಿದೆ. ತೆರೆಯ ತುಂಬ ತೆರೆಗಳೆದ್ದವು. ಆದರೆ ಸಮುದ್ರ ಅಪ್ಪಟ ನೇರಳೆ! ಮೋಡಗಳು ಗುಲಾಬಿ.

ಮಗಳನ್ನು ನೋಡಿಕೊಳ್ಳಲು ಬಂದಿದ್ದ ಅತ್ತೆಯೂ ಮಂಚದ ತುದಿಗೆ ಬಂದು ಕುಳಿತರು. ತಾಯಿ ಮಗಳ ಮಾತು ನಿಂತಿತು. (ಒಂದೇ ಕೋಣೆಯಲ್ಲಿದ್ದೂ ಇವರ ಮಾತು ನಿಂತಿದ್ದು ನಾನು ಕಂಡಂತೆ ಅದೇ ಮೊದಲು.) ಗೋಡೆಗೆ, ಹಾಸಿಗೆಗೆ, ಪ್ಲಾಸ್ಟರಿಗೆ ನೇರಳೆ ಬೆಳಕು ಬಿದ್ದು, ಕೋಣೆಯೇ ಹಗ್ಗ ಬಿಚ್ಚಿಕೊಂಡು ಮೆಲ್ಲಗೆ ತೇಲುತ್ತಿರುವಂತಿತ್ತು.

ನನಗೆ ಮಾತ್ರ ತಡೆಯಲಾಗಲಿಲ್ಲ. ನಾನು ಫೋಟೋ ಸ್ಟುಡಿಯೋದಲ್ಲಿ ಬಣ್ಣ ತಿದ್ದುವವನು. ಯಾರದೋ ಮದುಮಗಳ ಕೆನ್ನೆ ತುಸು ಹಳದಿಯಾದರೂ ನನಗೆ ತುತ್ತು ಇಳಿಯುವುದಿಲ್ಲ. ಸ್ವಂತ ಮನೆಯ ಸಮುದ್ರಕ್ಕೇ ಹೀಗಾದರೆ? ವರ್ಣಚಿಕಿತ್ಸೆ ಶುರುಮಾಡಿದೆ. ಯಂತ್ರದ ಸೆಟ್ಟಿಂಗಿನಲ್ಲಿದ್ದ ಬಣ್ಣದ ಆಯ್ಕೆಯೊಂದನ್ನು ಬಂದ್ ಮಾಡಿದೆ. ಸಮುದ್ರ ಒಗೆದ ಬಟ್ಟೆಯಂತೆ ಪೇಲವವಾಯಿತು. ಮತ್ತೆ ಹಾಕಿದೆ. ಮಾನಿಟರಿನಲ್ಲಿ ಸಿನಿಮಾ ಬಣ್ಣ, ತಂಪು ಬಣ್ಣ, ಬೆಚ್ಚಗಿನ ಬಣ್ಣ ಎಲ್ಲ ಬದಲಿಸಿದೆ. ನೇರಳೆ ದಟ್ಟವಾಯಿತು, ತೆಳುವಾಯಿತು, ಜಾಗ ಮಾತ್ರ ಬಿಡಲಿಲ್ಲ. ಭಾವಮೈದುನನಿಗೆ ಫೋನ್ ಮಾಡಿದೆ. ಕೇಬಲ್ ಕಿತ್ತಾಗ ಚಿಕ್ಕ ಪರದೆಯಲ್ಲಿ ನೀಲಿಯೇ ಇದೆಯಾ ಎಂದು ಕೇಳಿದ. ಇದೆ ಎಂದೆ. ಹಾಗಾದರೆ ಯಂತ್ರ ಆರೋಗ್ಯವಾಗಿದೆ, ಕೇಬಲ್ ಬದಲಿಸಿ ಎಂದ.

"ಬಿಡೀಂದ್ರೆ, ಚೆನ್ನಾಗೇ ಇದೆ," ಎಂದಳು ಹೆಂಡತಿ.

"ಚೆನ್ನಾಗಿರೋದು ಬೇರೆ, ಸರಿಯಾಗಿರೋದು ಬೇರೆ," ಎಂದು ಘನಗಂಭೀರವಾಗಿ ಸಾರಿ ಹೊರಟೆ. ಹೊಸ ಕೇಬಲ್ ತಂದೆ. ಹಳೆಯದನ್ನು ಬಾಗಿಲಿಗೆ ಬಂದಿದ್ದ ಕಸದ ಗಾಡಿಗೆ ನನ್ನ ಕೈಯಾರೆ ಎಸೆದೆ.

ಸಮುದ್ರ ನೀಲಿಯಾಯಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊಗಳಿಕೆಗೆ ಕಾದೆ.

ಅತ್ತೆ ಸ್ವಲ್ಪ ಹೊತ್ತು ನೋಡಿ, ನಮ್ಮ ಟ್ಯಾಂಕಿನ ನೀರೂ ಹೀಗೇ ಇರುತ್ತೆ ಎಂದು ಬಟ್ಟೆ ಮಡಚಲು ಎದ್ದು ಹೋದರು. ಹೆಂಡತಿ ಯಂತ್ರವನ್ನು ಪಕ್ಕಕ್ಕಿಟ್ಟಳು.

"ಅಲ್ಲಿದ್ದಾಗ ಕಾಲು ನೋಯ್ತಿರ್ಲಿಲ್ಲ ಕಣ್ರೀ," ಎಂದಳು.

ಆ ನೇರಳೆಯನ್ನು ಮರಳಿ ತರಲೆಂದು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅಂಗಡಿಯವನ ಬಳಿ ದನಿ ತಗ್ಗಿಸಿ, ಕೆಟ್ಟ ಕೇಬಲ್ ಇದೆಯಾ ಎಂದು ಕೇಳಿದೆ. ತನ್ನಲ್ಲಿ ಅಂಥ ಮಾಲು ಇಡುವುದೇ ಇಲ್ಲವೆಂದು ಅವನು ಮುಖ ಊದಿಸಿಕೊಂಡ. ನೇರಳೆ ಬಣ್ಣ ಬರುವಂಥದ್ದೇ ಬೇಕು ಎಂದು ವಿವರಿಸಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮನೆಯಲ್ಲಿ ಯಾರಾದರೂ ಇದ್ದಾರಾ ಸಾರ್ ಎಂದು ಮೃದುವಾಗಿ ವಿಚಾರಿಸಿದ. ಕೊನೆಗೆ ರಿಪೇರಿ ಅಂಗಡಿಯೊಂದರ ಗುಜರಿ ಬುಟ್ಟಿಯಿಂದ ಕೇಬಲ್ಲುಗಳ ಒಂದು ಸಿಕ್ಕು ಎತ್ತಿಕೊಂಡು, ನಿಧಿ ಸಿಕ್ಕವನಂತೆ ಮನೆಗೆ ಓಡಿದೆ.

ಬಾಗಿಲಲ್ಲೇ ನಿಂತುಬಿಟ್ಟೆ. ಕೋಣೆ ಮಾಗಿದ ಕಿತ್ತಳೆಯಂತೆ ಹೊಳೆಯುತ್ತಿತ್ತು. ತಾಯಿ ಮಗಳು ಸೇರಿ ಮಾನಿಟರಿನ ಗುಂಡಿಗಳನ್ನೆಲ್ಲ ಒತ್ತಿ, ಕೆಂಪನ್ನು ಪೂರ್ತಿ ಏರಿಸಿ, ನೀಲಿಯನ್ನು ಪೂರ್ತಿ ಇಳಿಸಿದ್ದರು. ಸಮುದ್ರ ಕಣ್ಣಿಗೆಟುಕುವಷ್ಟು ದೂರ ಬಂಗಾರವಾಗಿತ್ತು. ಈಗ ಯಂತ್ರ ಅತ್ತೆಯ ಕೈಯಲ್ಲಿತ್ತು. ಅವರು ನಿಧಾನವಾಗಿ ಹುಟ್ಟು ಹಾಕುತ್ತಿದ್ದರು. ಮಗಳು ತಾಯಿಯ ಹೆಗಲಿಗೆ ತಲೆಯಾನಿಸಿದ್ದಳು. ನನಗೂ ಒಂದು ಕ್ಷಣ ಮುಖಕ್ಕೆ ಗಾಳಿ ಬಡಿದಂತಾಯಿತು.

ಕೇಬಲ್ ಸಿಕ್ಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಮೆಲ್ಲಗೆ ಮಂಚದ ತುದಿಗೆ ಕೂರಲು ಹೋದೆ.

ಹೆಂಡತಿ ಬಂಗಾರದಿಂದ ಕಣ್ಣು ಕೀಳಲಿಲ್ಲ. "ನೀವು ದಡದಲ್ಲೇ ಇರಿ," ಎಂದಳು. "ನೀವು ಹತ್ತಿದ್ರೆ ಸಮುದ್ರ ನೀಲಿ ಆಗುತ್ತೆ."

ಸಮುದ್ರದ ಗಾಳಿಗೆ ಹಸಿವು ಜಾಸ್ತಿ ಎಂದು ಅತ್ತೆ ಯಾರಿಗೋ ಹೇಳುವಂತೆ ಹೇಳಿದರು. ನಾನು ದಡಕ್ಕೆ, ಅಂದರೆ ಅಡುಗೆಮನೆಗೆ, ನಡೆದೆ.